ಫೆರಿಟಿನ್ 684: ರಕ್ತ ಇಳಿಸುವ ನಾನು, ದೋಸೆ ಕಾವಲಿ ಎತ್ತಿಟ್ಟ ಅಣ್ಣ

ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಗುರುವಾರ, ನನ್ನ ಕೆಲಸ ಜನರ ಮೈಯಿಂದ ರಕ್ತ ಇಳಿಸುವುದು. ಟೆಸ್ಟಿಗೆ ತೆಗೆಯುವ ಸಣ್ಣ ಟ್ಯೂಬಲ್ಲ, ಒಬ್ಬೊಬ್ಬರಿಂದ ಹತ್ತಿರ ಹತ್ತಿರ ಅರ್ಧ ಲೀಟರು. ನಮ್ಮಲ್ಲಿ ಇಳಿಸುವ ರಕ್ತದಲ್ಲಿ ಹೆಚ್ಚಿನದು ಯಾರಿಗೂ ಹೋಗುವುದಿಲ್ಲ. ಚೀಲ ತುಂಬಿದ ಮೇಲೆ ಟ್ಯೂಬಿಗೆ ಕ್ಲಿಪ್ ಹಾಕಿ, ಆಸ್ಪತ್ರೆ ಕಸದ ಹಳದಿ ಡಬ್ಬಿಗೆ ಇಳಿಸಿ ಮುಚ್ಚಳ ಮುಚ್ಚುತ್ತೇವೆ. ನಾನು ಬೆಳ್ತಂಗಡಿ ಕಡೆಯವಳು, ಮಂಗಳೂರಿನಲ್ಲಿ ನರ್ಸಿಂಗ್ ಓದಿದವಳು. ಐರ್ಲೆಂಡಿನ ಪಶ್ಚಿಮ ತೀರದ ಈ ಆಸ್ಪತ್ರೆಗೆ ಬಂದ ಹೊಸತರಲ್ಲಿ ಆ ಡಬ್ಬಿ ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ಊರಲ್ಲಿ ನಾನು ನೋಡಿದ್ದೆಲ್ಲ ರಕ್ತ ಏರಿಸುವುದು. ಹೆರಿಗೆ ವಾರ್ಡಿನಲ್ಲಿ ಹಿಮೋಗ್ಲೋಬಿನ್ ಆರು, ಏಳು ಇದ್ದ ಹೆಂಗಸರಿಗೆ ಒಂದು ಬಾಟಲಿ ಸಿಗಲಿ ಅಂತ ಅವರ ಗಂಡಂದಿರು ಬ್ಲಡ್ ಬ್ಯಾಂಕಿಗೆ ಓಡುತ್ತಿದ್ದರು. ಇಲ್ಲಿ ನೋಡಿದರೆ ಒಳ್ಳೇ ಕೆಂಪು ರಕ್ತ, ಕಸಕ್ಕೆ.

ಕಾಯಿಲೆಯ ಹೆಸರು ಹಿಮೋಕ್ರೊಮಟೋಸಿಸ್. ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರೂ ಚುಟುಕಾಗಿ ಹೀಮೋ ಅಂತಾರೆ. ಮೈ ಆಹಾರದಿಂದ ಬೇಕಾದ್ದಕ್ಕಿಂತ ಜಾಸ್ತಿ ಕಬ್ಬಿಣಾಂಶ ಹೀರಿಕೊಂಡು, ವರ್ಷಾನುಗಟ್ಟಲೆ ಲಿವರು, ಮೇದೋಜೀರಕ, ಹೃದಯ, ಗೆಣ್ಣುಗಳಲ್ಲಿ ತುಂಬಿಸಿಕೊಳ್ಳುತ್ತದೆ. ಅಪ್ಪ ಅಮ್ಮನಿಂದ ಬರುವ ಕಾಯಿಲೆ. ಇದರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಇಲ್ಲಿಯ ರೋಗಿಗಳಿಂದ ಅಲ್ಲ. ನಮ್ಮ ಅಣ್ಣನ ಒಂದು ರಿಪೋರ್ಟಿನಿಂದ, ಮತ್ತು ಆ ರಿಪೋರ್ಟು ನೋಡಿ ನಾನು ಮಾಡಿದ ಒಂದು ಮೂರ್ಖ ಕೆಲಸದಿಂದ. ಅದಕ್ಕೆ ಮೊದಲು ನಿಜವಾದ ಹೀಮೋ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಅದನ್ನು ನೋಡದಿದ್ದರೆ ಅಣ್ಣನದ್ದು ಯಾಕೆ ಅದಲ್ಲ ಅಂತ ಗೊತ್ತಾಗುವುದಿಲ್ಲ.

ನನ್ನ ಹತ್ತಿರ ಒಬ್ಬರು ದನ ಸಾಕುವ ರೈತರು ಬರುತ್ತಾರೆ. ವಯಸ್ಸು ಐವತ್ತರ ಮೇಲೆ. ಮೊದಲ ಸಲ ಬಂದಾಗ ಫೆಬ್ರವರಿ, ಹೊರಗೆ ಮೂರು ದಿನದಿಂದ ಮಳೆ, ಆದರೆ ಅವರ ಮುಖ, ಕೈ ಎಲ್ಲ ಸ್ಪೇನಿಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬಂದವರ ಹಾಗೆ ಕಂದು. ಎರಡು ವರ್ಷದಿಂದ ಸುಸ್ತು. ಹಟ್ಟಿ ಕೆಲಸ ಜಾಸ್ತಿಯಾಯಿತು, ವಯಸ್ಸಾಯಿತು ಅಂತ ಸುಮ್ಮನಿದ್ದರು. ಕೈ ಕುಲುಕಿದರೆ ಮುಖ ಹಿಂಡುತ್ತಿದ್ದರು. ತೋರುಬೆರಳು ಮತ್ತು ನಡುಬೆರಳಿನ ಬುಡದ ಗೆಣ್ಣು ಎರಡೂ ಊದಿ ನೋವು. ಈ ಎರಡು ಗೆಣ್ಣುಗಳೇ ನೋಯುವುದು ಈ ಕಾಯಿಲೆಯ ಒಂದು ಗುರುತು, ಇಲ್ಲಿಯ ಡಾಕ್ಟರುಗಳು ಕೈ ಹಿಡಿದ ಕೂಡಲೇ ಅಲ್ಲಿ ಒತ್ತಿ ನೋಡುತ್ತಾರೆ. ಅವರ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ರಕ್ತ ಪರೀಕ್ಷೆ, 2,140. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಅನ್ನುವುದು, ನೂರಕ್ಕೆ 91. ಸಕ್ಕರೆ ಕಾಯಿಲೆ ಆಗಲೇ ಶುರುವಾಗಿತ್ತು. 1865ರಲ್ಲಿ ಟ್ರೂಸೋ ಅನ್ನುವ ಫ್ರೆಂಚ್ ವೈದ್ಯರು ಹೀಗೆ ಕಂಚಿನ ಬಣ್ಣದ ಚರ್ಮ, ಸಕ್ಕರೆ ಕಾಯಿಲೆ, ಕೆಟ್ಟ ಲಿವರು ಮೂರೂ ಒಟ್ಟಿಗಿದ್ದ ರೋಗಿಯ ಬಗ್ಗೆ ಬರೆದಿದ್ದರು. ಆಮೇಲೆ ಎಷ್ಟೋ ಕಾಲ ಇದನ್ನು ಕಂಚಿನ ಮಧುಮೇಹ ಅಂತಲೇ ಕರೆಯುತ್ತಿದ್ದರಂತೆ. ಆ ಹೆಸರು ನನಗೆ ಇಷ್ಟ. ನೋಡಿದ ಹಾಗೆ ಇಟ್ಟ ಹೆಸರು.

ಚಿಕಿತ್ಸೆ ಅಂದರೆ ರಕ್ತ ಇಳಿಸುವುದು, ಅಷ್ಟೇ. ವೆನಿಸೆಕ್ಷನ್ ಅಂತಾರೆ. ಕೇಳಲು ಹಳೇ ಕಾಲದ ಜಿಗಣೆ ವೈದ್ಯದ ಹಾಗೆ ಇದೆ, ಆದರೆ ಇವತ್ತಿಗೂ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಯಾಕೆಂದರೆ ನಮ್ಮ ಮೈಗೆ ಜಾಸ್ತಿಯಾದ ಕಬ್ಬಿಣಾಂಶ ಹೊರಗೆ ಹಾಕಲು ಒಂದು ದಾರಿಯೇ ಇಲ್ಲ. ಉಪ್ಪು ಜಾಸ್ತಿಯಾದರೆ ಮೂತ್ರದಲ್ಲಿ ಹೋಗುತ್ತದೆ. ಕಬ್ಬಿಣ ಹಾಗಲ್ಲ. ಸವೆದು ಹೋಗುವ ಚರ್ಮ, ಕರುಳಿನ ಒಳಪದರ, ಇವುಗಳ ಜೊತೆ ದಿನಕ್ಕೆ ಒಂದೆರಡು ಮಿಲಿಗ್ರಾಂ ಹೋದರೆ ಹೋಯಿತು. ಹೆಂಗಸರಿಗೆ ಮುಟ್ಟಿನಲ್ಲಿ ಇನ್ನಷ್ಟು ಹೋಗುತ್ತದೆ. ಅದಕ್ಕೇ ಈ ಜೀನ್ ಇರುವ ಹೆಂಗಸರಲ್ಲಿ ಕಾಯಿಲೆ ಹೊರಗೆ ಬರುವುದು ಹೆಚ್ಚಾಗಿ ಮುಟ್ಟು ನಿಂತ ಮೇಲೆ. ರಕ್ತದಲ್ಲಿ ಮಾತ್ರ ಕಬ್ಬಿಣ ಬೇಕಾದಷ್ಟಿದೆ: ಒಂದು ಚೀಲ ರಕ್ತ ಇಳಿಸಿದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಯಿತು ಅಂತ ಲೆಕ್ಕ. ಹೋದ ರಕ್ತ ತುಂಬಿಸಲು ಮೈ ಹೊಸ ಕೆಂಪು ಕಣ ತಯಾರಿಸಬೇಕು, ಅದಕ್ಕೆ ಕಬ್ಬಿಣ ಬೇಕು, ಆಗ ಲಿವರಿನಲ್ಲಿ ಕೂತಿದ್ದು ಹೊರಗೆ ಬರುತ್ತದೆ. ಗೋದಾಮಿನಿಂದ ಮಾಲು ತೆಗೆಸುವ ಉಪಾಯ ಇದು.

ಮಾಡುವುದು ಹೀಗೆ. ಬಂದ ಕೂಡಲೇ ಬಿಪಿ, ನಾಡಿ, ಮತ್ತು ಬೆರಳು ಚುಚ್ಚಿ ಹಿಮೋಗ್ಲೋಬಿನ್. ನಮ್ಮಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಆ ವಾರ ಇಲ್ಲ, ಮನೆಗೆ ಹೋಗಿ ಅಂತೇವೆ. ತಿಂಡಿ ತಿಂದಿದ್ದೀರಾ ಅಂತ ಕೇಳುತ್ತೇನೆ, ಎದುರೇ ಅರ್ಧ ಲೀಟರು ನೀರು ಕುಡಿಸುತ್ತೇನೆ. ಮಲಗಿಸಿ, ತೋಳಿಗೆ ಪಟ್ಟಿ ಕಟ್ಟಿ, ಮೊಣಕೈ ಒಳಮಡಿಕೆಯಲ್ಲಿ ನರ ಹುಡುಕುತ್ತೇನೆ. ಕಣ್ಣಿಗೆ ಕಾಣುವ ನರಕ್ಕಿಂತ ಬೆರಳಿಗೆ ಪುಟಿಯುವ ನರ ಒಳ್ಳೆಯದು, ಇದನ್ನು ಮಂಗಳೂರಿನಲ್ಲಿ ನಮ್ಮ ಸಿಸ್ಟರ್ ಹೇಳಿಕೊಟ್ಟದ್ದು, ಇಲ್ಲಿಗೂ ಅದೇ ಸರಿ. ಸೂಜಿ 16 ಗೇಜ್, ಅಂದರೆ ದಪ್ಪ. ಸಣ್ಣ ಸೂಜಿ ಹಾಕಿದರೆ ರಕ್ತ ದಾರಿಯಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಚೀಲ ಮಂಚಕ್ಕಿಂತ ಕೆಳಗೆ ಸಣ್ಣ ತೂಕದ ಯಂತ್ರದ ಮೇಲೆ ಮಲಗಿರುತ್ತದೆ. ರಕ್ತ ನೀರಿಗಿಂತ ಸ್ವಲ್ಪ ಭಾರ, ಹಾಗಾಗಿ 450 ಎಂಎಲ್ ಬೇಕಿದ್ದರೆ ತೂಕ ಸುಮಾರು 477 ಗ್ರಾಂ ಬರಬೇಕು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೆಲವರಿಗೆ ಇಪ್ಪತ್ತು. ಗಟ್ಟಿಮುಟ್ಟಾದ ಗಂಡಸರೇ ಜಾಸ್ತಿ ತಲೆ ತಿರುಗಿ ಬೀಳುವುದು, ಇದು ನನ್ನ ಸ್ವಂತ ಲೆಕ್ಕ. ಎದ್ದು ಕೂರುವ ಮೊದಲು ಕಾಲಿನ ಸ್ನಾಯು ಬಿಗಿ ಮಾಡಿ ಬಿಡಿ, ಬಿಗಿ ಮಾಡಿ ಬಿಡಿ ಅಂತ ಹೇಳುತ್ತೇನೆ. ಹೇಳಿದ್ದು ಕೇಳದೆ ಧಡಕ್ ಅಂತ ಎದ್ದವರನ್ನು ಹಿಡಿದು ಮತ್ತೆ ಮಲಗಿಸಿದ್ದೂ ಇದೆ.

ನಮ್ಮ ರೈತರಿಗೆ ವಾರಕ್ಕೊಂದು ಚೀಲ. ಒಂದು ಚೀಲಕ್ಕೆ ಫೆರಿಟಿನ್ ಸುಮಾರು 30 ಇಳಿಯುತ್ತದೆ ಅನ್ನುವುದು ಅಂದಾಜಿನ ಮಾತು, ಕೆಲವರಿಗೆ ಬೇಗ ಇಳಿಯುತ್ತದೆ. ಗುರಿ 50. ಅವರಿಗೆ ಒಟ್ಟು 63 ಚೀಲ ಬೇಕಾಯಿತು. ಒಂದು ವರ್ಷದ ಮೇಲೆ ಮೂರು ತಿಂಗಳು. ಮೊಣಕೈ ಮಡಿಕೆಯಲ್ಲಿ ಚರ್ಮ ದಡ್ಡುಗಟ್ಟಿತ್ತು, ಕೊನೆಕೊನೆಗೆ ಸೂಜಿ ಒಳಗೆ ಹೋಗುವಾಗ ಹಸಿ ಅಡಿಕೆ ಸಿಪ್ಪೆಗೆ ಕತ್ತಿ ತಾಗಿದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಇಬ್ಬರೂ ಕೂತು ಲೆಕ್ಕ ಹಾಕಿದೆವು: 63 ಚೀಲ ಅಂದರೆ ಹತ್ತಿರ ಹತ್ತಿರ 14 ಗ್ರಾಂ ಕಬ್ಬಿಣ. ಆರೋಗ್ಯವಂತರ ಇಡೀ ಮೈಯಲ್ಲಿ ಇರುವುದೇ ಮೂರು, ನಾಲ್ಕು ಗ್ರಾಂ. ಅವರು ನಕ್ಕು, ಹಾಗಾದರೆ ನಾನೊಂದು ಗೇಟು ಮಾಡಿಸಬಹುದಿತ್ತು ಅಂದರು.

ಸುಸ್ತು ಹೋಯಿತು. ಮುಖದ ಬಣ್ಣ ತಿಳಿಯಾಯಿತು. ಗೆಣ್ಣು ನೋವು ಹೋಗಲಿಲ್ಲ, ಸಕ್ಕರೆ ಕಾಯಿಲೆಯೂ ಹೋಗಲಿಲ್ಲ. ಇದನ್ನು ಹೇಳಲೇಬೇಕು. ಕಬ್ಬಿಣ ತೆಗೆಯಬಹುದು, ಕಬ್ಬಿಣ ಮಾಡಿ ಹೋದ ಹಾನಿ ಎಲ್ಲ ತೆಗೆಯಲು ಆಗುವುದಿಲ್ಲ. ಲಿವರು ಗಟ್ಟಿಗಟ್ಟಿ ಸಿರೋಸಿಸ್ ಆಗುವ ಮೊದಲೇ ಸಿಕ್ಕಿಬಿದ್ದರೆ ಮಾಮೂಲಿ ಆಯುಷ್ಯ. ಸಿರೋಸಿಸ್ ಆದ ಮೇಲೆ ಸಿಕ್ಕಿದರೆ ಲಿವರ್ ಕ್ಯಾನ್ಸರಿನ ಭಯ ಇದ್ದೇ ಇರುತ್ತದೆ, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಇರಬೇಕು.

ಈಗ ಐರ್ಲೆಂಡ್ ಯಾಕೆ ಅಂತ. ಈ ಕಾಯಿಲೆಯ ಮುಖ್ಯ ಜೀನ್ ಎಚ್‌ಎಫ್‌ಇ. 1996ರಲ್ಲಿ ಸಿಕ್ಕಿದ್ದು. ಅದರಲ್ಲಿ ಒಂದು ತಪ್ಪು ಅಕ್ಷರ, ಹೆಸರು ಸಿ282ವೈ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಪ್ರತಿ ತಪ್ಪು ಬಂದರೆ ಮಾತ್ರ ಕಾಯಿಲೆಯ ಸಾಧ್ಯತೆ. ಐರ್ಲೆಂಡಿನಲ್ಲಿ 83 ಜನರಲ್ಲಿ ಒಬ್ಬರಿಗೆ ಎರಡೂ ಪ್ರತಿ ಇದೆ, ಐದು ಜನರಲ್ಲಿ ಒಬ್ಬರಿಗೆ ಒಂದು ಪ್ರತಿ. ಪ್ರಪಂಚದಲ್ಲೇ ಜಾಸ್ತಿ. ಎರಡೂ ಪ್ರತಿ ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಅದೂ ನಿಜ. ಉತ್ತರದಲ್ಲಿ ರ‍್ಯಾಥ್ಲಿನ್ ಅಂತ ಒಂದು ಸಣ್ಣ ದ್ವೀಪ. 2006ರಲ್ಲಿ ಅಲ್ಲಿ ಒಂದು ಪಬ್ಬಿನ ಹಿಂದೆ ಜಾಗ ಮಾಡಲು ಅಗೆಯುವಾಗ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಅಸ್ಥಿಗಳು ಸಿಕ್ಕಿದವು. ಅವುಗಳ ಡಿಎನ್‌ಎ ಓದಿದಾಗ ಇದೇ ಸಿ282ವೈ ಸಿಕ್ಕಿತು. ಪಬ್ಬಿನ ಹಿಂದೆಯೇ ಸಿಗಬೇಕಾ ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ನಗು. ಅಂತೂ ಇಲ್ಲಿ ಯಾರ ಫೆರಿಟಿನ್ ಜಾಸ್ತಿ ಬಂದರೂ ಡಾಕ್ಟರುಗಳಿಗೆ ಮೊದಲು ನೆನಪಾಗುವುದು ಹೀಮೋ. ಮನೆಯಲ್ಲಿ ಒಬ್ಬರಿಗೆ ಬಂದರೆ ಅಣ್ಣ ತಮ್ಮ ಅಕ್ಕ ತಂಗಿಯರಿಗೆಲ್ಲ ಟೆಸ್ಟು, ಯಾಕೆಂದರೆ ಅವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಮ್ಮ ರೈತರ ತಂಗಿ ಹಾಗೇ ಸಿಕ್ಕಿಬಿದ್ದರು, ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು, ಫೆರಿಟಿನ್ 610. ಒಂದು ನೋವಿಲ್ಲ, ಸುಸ್ತಿಲ್ಲ. ಹದಿನೆಂಟು ಚೀಲದಲ್ಲಿ ಮುಗಿಯಿತು.

ಇದೇ ಐರ್ಲೆಂಡಿನ ಕನ್ನಡಕ ಹಾಕಿಕೊಂಡೇ ನಾನು ಅಣ್ಣನ ರಿಪೋರ್ಟು ಓದಿದ್ದು.

ಊರಲ್ಲಿ ಬೆಳಿಗ್ಗೆ ಆರೂವರೆ, ನನಗೆ ರಾತ್ರಿ ಒಂದು ಗಂಟೆ. ವಾಟ್ಸ್ಆ್ಯಪಿನಲ್ಲಿ ಒಂದು ಪಿಡಿಎಫ್, ಜೊತೆಗೆ ವಾಯ್ಸ್ ಮೆಸೇಜು. "ತಂಗೀ, ನಂಗೆ ಕಬ್ಬಿಣ ಜಾಸ್ತಿಯಂತೆ. ಎಂಥ ಮಾಡುದು?" ಯಾವುದೋ ಲ್ಯಾಬಿನ ಫುಲ್ ಬಾಡಿ ಚೆಕಪ್ ಆಫರು, ಎಪ್ಪತ್ತು ಎಂಬತ್ತು ಟೆಸ್ಟು ಒಟ್ಟಿಗೆ. ಪುಟ ಪುಟವಾಗಿ ಹಸಿರು, ಕೆಂಪು ಗೆರೆ. ಐದನೇ ಪುಟದಲ್ಲಿ ಫೆರಿಟಿನ್ 684, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೈ. ರಿಪೋರ್ಟು ಕೊಟ್ಟವರಿಗೆ ಅದು ಯಾಕೆ ಹೈ ಅಂತ ಹೇಳುವ ಉಸಾಬರಿ ಇಲ್ಲ. ಅಷ್ಟರಲ್ಲಿ ಊರಿನ ನಾಲ್ಕು ಜನ ಹೇಳಿ ಆಗಿತ್ತು: ಬಸಳೆ ಬಿಡು, ಹರಿವೆ ಬಿಡು, ಬೆಲ್ಲ ಬಿಡು. ಅತ್ತಿಗೆ ನಮ್ಮ ಅಜ್ಜಿ ಕಾಲದ ಕಬ್ಬಿಣದ ದೋಸೆ ಕಾವಲಿಯನ್ನೇ ಎಣ್ಣೆ ಸವರಿ, ಪೇಪರು ಸುತ್ತಿ ಅಟ್ಟಕ್ಕೆ ಹಾಕಿದ್ದರು. ಹೊಸ ನಾನ್‌ಸ್ಟಿಕ್ ಕಾವಲಿ ಬಂದಿತ್ತು. ಅದರಲ್ಲಿ ನೀರುದೋಸೆಗೆ ಕಣ್ಣು ಬೀಳುವುದಿಲ್ಲ ಅಂತ ಅಮ್ಮನ ದೂರು ಬೇರೆ.

ನಾನು ಮಾಡಬೇಕಾಗಿದ್ದು ಒಂದೇ ಪ್ರಶ್ನೆ ಕೇಳುವುದು: ಸ್ಯಾಚುರೇಶನ್ ಎಷ್ಟು? ವಾರಕ್ಕೆ ಹತ್ತು ಸಲ ಬೇರೆಯವರ ಫೈಲಿನಲ್ಲಿ ನೋಡುವ ನಂಬರು ಅದು. ಆದರೆ ಅಣ್ಣನ ವಿಷಯ, ರಾತ್ರಿ ಒಂದು ಗಂಟೆ, ತಲೆಯಲ್ಲಿ ಆ ರೈತರ ಕಂದು ಕೈ. ಕೂಡಲೇ ಜೀನ್ ಟೆಸ್ಟ್ ಮಾಡಿಸು ಅಂದುಬಿಟ್ಟೆ. ಮಂಗಳೂರಿನಲ್ಲಿ ರಕ್ತ ಕೊಟ್ಟು, ಸ್ಯಾಂಪಲ್ ಎಲ್ಲಿಗೋ ಹೋಗಿ, ಏಳು ಸಾವಿರ ರೂಪಾಯಿ ಖರ್ಚಾಗಿ, ಮೂರು ವಾರ ಬಿಟ್ಟು ಫಲಿತಾಂಶ ಬಂತು. ಸಿ282ವೈ ಇಲ್ಲ. ಎಚ್63ಡಿ, ಅಂದರೆ ಅದೇ ಜೀನಿನ ಇನ್ನೊಂದು ತಪ್ಪು ಅಕ್ಷರ, ಒಂದು ಪ್ರತಿ ಇದೆ. ಅಣ್ಣ ಅದರಲ್ಲಿ ಓದಿದ್ದು "ಇದೆ" ಅನ್ನುವುದನ್ನು ಮಾತ್ರ. ಸಂಜೆಯೊಳಗೆ ಚಿಕ್ಕಪ್ಪನ ಮನೆಗೂ ಸುದ್ದಿ ಹೋಯಿತು, ನಮ್ಮ ವಂಶದಲ್ಲಿ ಕಬ್ಬಿಣದ ಕಾಯಿಲೆ ಉಂಟಂತೆ ಅಂತ. ಮದುವೆಗೆ ಹುಡುಗ ನೋಡುತ್ತಿದ್ದ ಚಿಕ್ಕಪ್ಪನ ಮಗಳ ವಿಷಯಕ್ಕೂ ಅದು ಅಡ್ಡ ಬರುವ ಅಂದಾಜಿತ್ತು. ಎಲ್ಲ ನನ್ನಿಂದ ಮಾರಾಯ್ರೇ.

ಎಚ್63ಡಿ ನಮ್ಮ ದೇಶದಲ್ಲಿ ಹೊಸತಲ್ಲ, ಎಷ್ಟೋ ಜನರಲ್ಲಿ ಇರುತ್ತದೆ. ಒಂದು ಪ್ರತಿ ಇದ್ದರೆ ಅದರಿಂದ ಕಬ್ಬಿಣ ತುಂಬುವುದಿಲ್ಲ. ಐರಿಷರ ಸಿ282ವೈ ನಮ್ಮವರಲ್ಲಿ ತೀರಾ ಅಪರೂಪ. ಹಾಗಾಗಿ ಊರಿನಲ್ಲಿ ಫೆರಿಟಿನ್ ಜಾಸ್ತಿ ಬಂದವರಿಗೆ ಮೊದಲು ಜೀನ್ ಟೆಸ್ಟ್ ಮಾಡಿಸುವುದು ಅಂದರೆ ಮನೆಯೊಳಗೆ ಕಳೆದ ಕೀಲಿಯನ್ನು ಗದ್ದೆಯಲ್ಲಿ ಹುಡುಕಿದ ಹಾಗೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿಸಿದೆ.

ಮರುದಿನ ತಲೆ ತಣ್ಣಗೆ ಮಾಡಿಕೊಂಡು, ಅಣ್ಣನನ್ನು ವಿಡಿಯೋ ಕಾಲಿನಲ್ಲಿ ಕೂರಿಸಿ, ಅಡಿಕೆಯ ಭಾಷೆಯಲ್ಲಿ ಹೇಳಿದೆ. ನೋಡು, ಟ್ರಾನ್ಸ್‌ಫೆರಿನ್ ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಟೆಂಪೋ. ಮಾಮೂಲಿಯಾಗಿ ಮೂರರಲ್ಲಿ ಒಂದು ಪಾಲು ತುಂಬಿರುತ್ತದೆ, ಉಳಿದದ್ದು ಖಾಲಿ. ಹೀಮೋದಲ್ಲಿ ಎಲ್ಲ ಟೆಂಪೋ ಫುಲ್ಲು, ಮೇಲೂ ಹೇರಿದ್ದಾರೆ, ದಾರಿಯಲ್ಲಿ ಚೆಲ್ಲುತ್ತಾ ಹೋಗುತ್ತದೆ. ಆ ಚೆಲ್ಲಿದ ಕಬ್ಬಿಣವೇ ಲಿವರು, ಹೃದಯ ಹಾಳು ಮಾಡುವುದು. ಫೆರಿಟಿನ್ ಅಂದರೆ ಗೋದಾಮಿನ ಚೀಲ. ಗೋದಾಮಿನಲ್ಲಿ ಮಾಲು ಜಾಸ್ತಿಯಿದ್ದರೆ ಹೊರಗೆ ಚೀಲ ಜಾಸ್ತಿ ಕಾಣುತ್ತದೆ, ಸರಿ. ಆದರೆ ಗೋದಾಮಿಗೆ ಬೆಂಕಿ ಬಿದ್ದರೂ ಚೀಲ ಹೊರಗೆ ಬರುತ್ತದೆ, ಗೋಡೆ ಒಡೆದರೂ ಬರುತ್ತದೆ. ಜ್ವರ, ಸೋಂಕು, ಡೆಂಗ್ಯೂ, ಕುಡಿತ, ಫ್ಯಾಟಿ ಲಿವರು, ಬೊಜ್ಜು, ಸಕ್ಕರೆ ಕಾಯಿಲೆ, ಇವುಗಳಲ್ಲೆಲ್ಲ ಫೆರಿಟಿನ್ ಏರುತ್ತದೆ. ಡೆಂಗ್ಯೂನಲ್ಲಿ ಸಾವಿರಗಟ್ಟಲೆ ಹೋಗುತ್ತದೆ. ಅದಕ್ಕೇ ಚೀಲ ಎಣಿಸಿದರೆ ಸಾಲದು, ಟೆಂಪೋ ನೋಡಬೇಕು.

"ಹಾಗಾದ್ರೆ ಟೆಂಪೋ ನೋಡದೆ ನನ್ನ ಏಳು ಸಾವಿರ ಯಾಕೆ ತೆಗೆದದ್ದು?" ಅಂದ. ಉತ್ತರ ಇರಲಿಲ್ಲ.

ಈ ಸಲ ಸರಿಯಾಗಿ ಮಾಡಿಸಿದೆವು. ಜ್ವರ, ಶೀತ ಏನೂ ಇಲ್ಲದ ವಾರ ನೋಡಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಐರನ್ ಸ್ಟಡೀಸ್. ಸೀರಂ ಐರನ್ 98, ಟಿಐಬಿಸಿ, ಅಂದರೆ ಟೆಂಪೋಗಳೆಲ್ಲ ಸೇರಿ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲವು ಅನ್ನುವುದು, 360. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸ್ಯಾಚುರೇಶನ್, 27. ಲ್ಯಾಬಿನವರು ಬರೆಯದಿದ್ದರೂ ಕ್ಯಾಲ್ಕುಲೇಟರಿನಲ್ಲಿ ಹಾಕಿಕೊಳ್ಳಬಹುದು. ಗಂಡಸರಿಗೆ 50, ಹೆಂಗಸರಿಗೆ 45 ದಾಟಿದರೆ ನಾವು ಕಿವಿ ನೆಟ್ಟಗೆ ಮಾಡುವುದು. 27 ಅಂದರೆ ಟೆಂಪೋ ಅರ್ಧವೂ ತುಂಬಿಲ್ಲ. ಹಾಗಾದರೆ ಗೋದಾಮಿನಲ್ಲೇ ಏನೋ ಆಗಿದೆ. ಮಂಗಳೂರಿನ ಫಿಸಿಶಿಯನ್ ಒಬ್ಬರು ಹೊಟ್ಟೆ ಸ್ಕ್ಯಾನ್ ಬರೆದುಕೊಟ್ಟರು, ಗ್ರೇಡ್ 2 ಫ್ಯಾಟಿ ಲಿವರ್. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸಕ್ಕರೆಯ ಸರಾಸರಿ, 6.3. ಎಎಲ್‌ಟಿ, ಅಂದರೆ ಲಿವರಿಗೆ ಪೆಟ್ಟಾದರೆ ಏರುವ ನಂಬರು, 78. ಅಣ್ಣನ ಸೊಂಟ ನೋಡಿದ್ದರೆ ಸ್ಕ್ಯಾನೂ ಬೇಡವಾಗಿತ್ತು. ತೋಟಕ್ಕೆ ಈಗ ಅವನು ನಡೆದು ಹೋಗುವುದಿಲ್ಲ, ಬೈಕಿನಲ್ಲಿ ಹೋಗುತ್ತಾನೆ. ಶನಿವಾರ ರಾತ್ರಿಯ ಗುಂಡು ಯಾವಾಗ ಶುಕ್ರವಾರಕ್ಕೂ ಹಬ್ಬಿತು ಅಂತ ಅತ್ತಿಗೆಗೆ ಮಾತ್ರ ಗೊತ್ತಿತ್ತು, ಅವರು ಡಾಕ್ಟರ ಎದುರೇ ಹೇಳಿಬಿಟ್ಟರು.

ಕಬ್ಬಿಣದ ಕಾಯಿಲೆ ಅಂದರೆ ಅಣ್ಣನಿಗೆ ಒಂಥರಾ ಸಮಾಧಾನ ಇತ್ತು ಅಂತ ನನ್ನ ಗುಮಾನಿ. ವಂಶದಿಂದ ಬಂದದ್ದು, ನನ್ನ ತಪ್ಪಲ್ಲ ಅಂತ. ಫ್ಯಾಟಿ ಲಿವರ್ ಅಂದಾಗ ಮುಖ ಸಣ್ಣದಾಯಿತು. ರಕ್ತ ಕೊಟ್ಟರೆ ಇಳಿಯುತ್ತಲ್ವಾ, ನೀನು ಅಲ್ಲಿ ಅದನ್ನೇ ಮಾಡುವುದಲ್ವಾ ಅಂತ ಕೇಳಿದ. ದಾನ ಮಾಡುವ ಆರೋಗ್ಯ ಇದ್ದರೆ ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು, ಒಳ್ಳೆಯದೇ, ಕೊಡು. ನಂಬರು ಸ್ವಲ್ಪ ಇಳಿಯಲೂಬಹುದು. ಆದರೆ ಫ್ಯಾಟಿ ಲಿವರಿಗೆ ರಕ್ತ ಇಳಿಸಿ ನೋಡಿದ ಪ್ರಯೋಗಗಳಲ್ಲಿ ಲಿವರಿಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಚೀಲ ಎತ್ತಿ ಒಳಗಿಟ್ಟರೆ ಬೆಂಕಿ ಆರುತ್ತದಾ? ಏಳು ತಿಂಗಳಲ್ಲಿ ಎಂಟು ಕೆಜಿ ಇಳಿಸಿದ. ಶುಕ್ರವಾರ, ಶನಿವಾರ ಎರಡೂ ಬಿಟ್ಟ, ಕನಿಷ್ಠ ಅತ್ತಿಗೆ ಹಾಗೆ ಹೇಳುತ್ತಾರೆ. ಫೆರಿಟಿನ್ 410ಕ್ಕೆ ಬಂತು. ಇನ್ನೂ ಹೈ ಅಂತಲೇ ಬರುತ್ತದೆ. ಎಎಲ್‌ಟಿ 41. ನಾನು ನೋಡುವುದು ಈಗ ಅದನ್ನು.

ಕಾವಲಿ ಅಟ್ಟದಿಂದ ಇಳಿಯಿತು. ನಿಜ ಹೇಳಬೇಕೆಂದರೆ, ಅಸಲಿ ಹೀಮೋ ಇದ್ದರೂ ಬಸಳೆ ಮತ್ತು ಕಾವಲಿ ಬಿಟ್ಟು ದೊಡ್ಡ ಲಾಭ ಇಲ್ಲ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದೇ ಕಡಿಮೆ, ವಾರಕ್ಕೊಂದು ಚೀಲದಲ್ಲಿ ಹೋಗುವ ಕಬ್ಬಿಣದ ಎದುರು ಅದು ಲೆಕ್ಕಕ್ಕಿಲ್ಲ. ನಮ್ಮ ರೋಗಿಗಳಿಗೆ ನಾವು ಬಿಡಿ ಅನ್ನುವುದು ಕೆಲವನ್ನೇ. ಐರನ್ ಮಾತ್ರೆ, ಐರನ್ ಇರುವ ಟಾನಿಕ್ಕು ಬೇಡ. ವಿಟಮಿನ್ ಸಿ ಮಾತ್ರೆ ಬೇಡ, ಅದು ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ, ಹಣ್ಣು ತಿನ್ನಲು ಅಡ್ಡಿಯಿಲ್ಲ. ಇಲ್ಲಿ ಬೆಳಿಗ್ಗೆ ತಿನ್ನುವ ಸೀರಿಯಲ್ ಡಬ್ಬಗಳಲ್ಲಿ ಎಷ್ಟಕ್ಕೋ ಕಬ್ಬಿಣ ಸೇರಿಸಿರುತ್ತಾರೆ, ಡಬ್ಬದ ಹಿಂದೆ ಓದಿ ಅಂತೇವೆ. ಕುಡಿತ ಕಡಿಮೆ, ಲಿವರು ಕೆಟ್ಟಿದ್ದರೆ ಪೂರ್ತಿ ಬಂದ್. ಹಸಿ ಆಯ್‌ಸ್ಟರ್ ಬೇಡ, ಇದು ಈ ತೀರದವರಿಗೆ ಸಂಕಟದ ವಿಷಯ. ಹಸಿ ಚಿಪ್ಪುಮೀನಿನಲ್ಲಿ ವಿಬ್ರಿಯೋ ಅನ್ನುವ ಒಂದು ಬ್ಯಾಕ್ಟೀರಿಯಾ ಇರಬಹುದು, ಕಬ್ಬಿಣ ತುಂಬಿದ ಮೈಯಲ್ಲಿ ಅದು ಜೀವಕ್ಕೇ ಕುತ್ತು ತರಬಹುದು. ನಮ್ಮ ಮರುವಾಯಿ ಸುಕ್ಕ ಚೆನ್ನಾಗಿ ಬೆಂದಿರುವುದರಿಂದ ಆ ಭಯ ಇಲ್ಲ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಕಡಿಮೆ ಹತ್ತುತ್ತದೆ. ಐರಿಷರಿಗೆ ಚಹಾ ಕುಡಿಯಿರಿ ಅಂತ ಹೇಳುವ ಅಗತ್ಯವೇ ಇಲ್ಲ ಬಿಡಿ.

ಇಷ್ಟು ಹೇಳಿದ ಮೇಲೆ, ಊರಲ್ಲಿ ಯಾರಿಗೂ ವಂಶದ ಕಬ್ಬಿಣದ ಕಾಯಿಲೆ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಎಚ್‌ಎಫ್‌ಇ ಬಿಟ್ಟು ಬೇರೆ ಜೀನುಗಳಿಂದಲೂ ಇದು ಬರುತ್ತದೆ, ನಮ್ಮ ದೇಶದವರಲ್ಲೂ ಇದೆ. ಅದರಲ್ಲಿ ಒಂದು ಬಗೆ ಹದಿಹರೆಯ, ಇಪ್ಪತ್ತರ ಪ್ರಾಯದಲ್ಲೇ ಹೃದಯಕ್ಕೆ ಹೊಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಎರಡು ಸಲ ಮಾಡಿಸಿದರೂ ಸ್ಯಾಚುರೇಶನ್ 50 ದಾಟಿದ್ದರೆ, ಜೊತೆಗೆ ಫೆರಿಟಿನ್ ಜಾಸ್ತಿ ಇದ್ದರೆ, ಸುಮ್ಮನೆ ಬಿಡಬಾರದು. ರಕ್ತದ ಕಾಯಿಲೆಯ ಡಾಕ್ಟರು ಅಥವಾ ಲಿವರ್ ಡಾಕ್ಟರ ಹತ್ತಿರ ಹೋಗಬೇಕು. ಲಿವರಿನಲ್ಲಿ ನಿಜವಾಗಿ ಎಷ್ಟು ಕಬ್ಬಿಣ ಇದೆ ಅಂತ ಎಂಆರ್‌ಐನಲ್ಲಿ ಅಳೆಯಬಹುದು, ಮೊದಲಿನ ಹಾಗೆ ಸೂಜಿ ಹಾಕಿ ಲಿವರ್ ಚೂರು ತೆಗೆಯುವುದು ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಫೆರಿಟಿನ್ ಸಾವಿರ ದಾಟಿದ್ದರೆ, ಕಾರಣ ಏನೇ ಇರಲಿ, ಬೇಗ ತೋರಿಸಿ.

ಇನ್ನೊಂದು, ಇದು ನಮ್ಮ ಕಡೆಗೆ ಹೀಮೋಗಿಂತ ಎಷ್ಟೋ ಹತ್ತಿರದ್ದು. ಅತ್ತಿಗೆಯ ತಂಗಿಗೆ ಶಾಲೆಗೆ ಹೋಗುವ ಪ್ರಾಯದಿಂದ ಹಿಮೋಗ್ಲೋಬಿನ್ ಹತ್ತರ ಆಸುಪಾಸು. ಅಂಗಡಿಯಿಂದ ಅಂಗಡಿಗೆ ಐರನ್ ಮಾತ್ರೆ, ಐರನ್ ಸಿರಪ್ಪು, ಒಂದು ಸಲ ಐರನ್ ಡ್ರಿಪ್ಪು. ಏರಲೇ ಇಲ್ಲ. ಹನ್ನೆರಡು ವರ್ಷದಲ್ಲಿ ಯಾರೂ ಫೆರಿಟಿನ್ ನೋಡಿರಲಿಲ್ಲ. ಅಣ್ಣನ ಗಲಾಟೆಯಲ್ಲಿ ಅವಳ ಹಳೇ ರಿಪೋರ್ಟೂ ನನ್ನ ಹತ್ತಿರ ಬಂತು. ಕೆಂಪು ಕಣದ ಗಾತ್ರ, ಅಂದರೆ ಎಂಸಿವಿ, 64. ಕಣಗಳ ಸಂಖ್ಯೆ ಮಾತ್ರ ಜಾಸ್ತಿ. ಕಣ ಸಣ್ಣದು, ಎಣಿಕೆ ಜಾಸ್ತಿ ಅಂದರೆ ಮೊದಲು ನೆನಪಾಗಬೇಕಾದ್ದು ಥಲಸ್ಸೀಮಿಯಾ, ಅಪ್ಪ ಅಮ್ಮನಿಂದ ಬರುವ ಹಿಮೋಗ್ಲೋಬಿನ್ ದೋಷ. ಹಿಮೋಗ್ಲೋಬಿನ್ ಎ2 ಟೆಸ್ಟು ಮಾಡಿಸಿದಾಗ ಹೌದು, ಥಲಸ್ಸೀಮಿಯಾ ಟ್ರೇಟು. ಕಾಯಿಲೆಯಲ್ಲ, ಬರೀ ವಾಹಕಿ. ಕಬ್ಬಿಣದ ಕೊರತೆಯೇ ಇಲ್ಲದವಳಿಗೆ ಅಷ್ಟು ವರ್ಷ ಕಬ್ಬಿಣ ತಿನ್ನಿಸಿದ್ದರು. ಫೆರಿಟಿನ್ 290 ಇತ್ತು, ಪುಣ್ಯಕ್ಕೆ. ಈಗ ಮಾತ್ರೆ ನಿಲ್ಲಿಸಿದ್ದಾಳೆ. ಹುಡುಗನೂ ವಾಹಕನಾದರೆ ಮಗುವಿಗೆ ಕಾಯಿಲೆಯೇ ಬರಬಹುದು, ಅದಕ್ಕೇ ಮದುವೆಗೆ ಮೊದಲು ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಅಂತ ಅವರ ಮನೆಯವರಿಗೆ ಕೂತು ಹೇಳಿದೆ. ಜಾತಕಕ್ಕಿಂತ ಮೊದಲು ಅದನ್ನು ನೋಡಿ ಅಂದೆ. ಸ್ವಲ್ಪ ಬೇಜಾರು ಮಾಡಿಕೊಂಡರು.

ಈ ಓಡಾಟದ ನಡುವೆ ಅಣ್ಣ ಒಂದು ಪ್ರಶ್ನೆ ಕೇಳಿದ. ಎಲ್ಲರದ್ದೂ ನೋಡಿದೆ, ನಿನ್ನದು ಎಷ್ಟು? ನಾನು ನನ್ನದು ನೋಡಿ ಐದು ವರ್ಷವಾಗಿತ್ತು. ಒಂದು ಗುರುವಾರ ಕೆಲಸ ಮುಗಿದ ಮೇಲೆ ಜೊತೆಯವಳೇ ನನ್ನ ತೋಳಿಗೆ ಪಟ್ಟಿ ಕಟ್ಟಿದಳು. ಫೆರಿಟಿನ್ 9. ಹಿಮೋಗ್ಲೋಬಿನ್ 10.8. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಓದಿದ್ದೆ, ನಾನೂ ಆ 57ರೊಳಗೆ ಅಂತ ಗೊತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗಿನ ಏದುಸಿರನ್ನು ನೈಟ್ ಡ್ಯೂಟಿಯ ಲೆಕ್ಕಕ್ಕೆ ಹಾಕಿದ್ದೆ, ಆ ರೈತರು ಹಟ್ಟಿ ಕೆಲಸದ ಲೆಕ್ಕಕ್ಕೆ ಹಾಕಿದ ಹಾಗೇ.

ಡಾಕ್ಟರು ಐರನ್ ಮಾತ್ರೆ ಬರೆದುಕೊಟ್ಟು, ದಿನಾ ಬೇಡ, ದಿನ ಬಿಟ್ಟು ದಿನ ತಗೊಳ್ಳಿ ಅಂದರು. ಕಾರಣ ಕೇಳಿದಾಗ ಬಂದ ಉತ್ತರ ಹೆಪ್ಸಿಡಿನ್. ಲಿವರು ತಯಾರಿಸುವ ಹಾರ್ಮೋನು ಇದು, ಕರುಳಿನ ಬಾಗಿಲಲ್ಲಿ ಕೂತ ಕಾವಲುಗಾರ. ಕಬ್ಬಿಣ ಸಾಕಾದಾಗ ಹೆಪ್ಸಿಡಿನ್ ಏರಿ ಬಾಗಿಲು ಹಾಕುತ್ತದೆ, ಬೇಕಾದಾಗ ಇಳಿದು ಬಾಗಿಲು ತೆರೆಯುತ್ತದೆ. ಹೀಮೋ ಇದ್ದವರ ಲಿವರಿಗೆ ಕಬ್ಬಿಣ ತುಂಬಿದ್ದು ತಿಳಿಯುವುದಿಲ್ಲ, ಹೆಪ್ಸಿಡಿನ್ ಏರುವುದಿಲ್ಲ, ಬಾಗಿಲು ಸದಾ ತೆರೆದೇ ಇರುತ್ತದೆ. ನನ್ನಂಥವರಲ್ಲಿ ಒಂದು ಮಾತ್ರೆ ನುಂಗಿದ ಕೂಡಲೇ ಹೆಪ್ಸಿಡಿನ್ ಏರಿ ಸುಮಾರು ಒಂದು ದಿನ ಬಾಗಿಲು ಅರ್ಧ ಮುಚ್ಚುತ್ತದೆ, ಮರುದಿನ ನುಂಗಿದ್ದರಲ್ಲಿ ಹೆಚ್ಚು ಒಳಗೆ ಹೋಗುವುದಿಲ್ಲ, ಸುಮ್ನೆ ಹೊಟ್ಟೆ ಕೆಡಿಸುತ್ತದೆ. ಒಂದು ದಿನ ಬಿಟ್ಟರೆ ಬಾಗಿಲು ಮತ್ತೆ ತೆರೆದಿರುತ್ತದೆ. ಆಂಟಿನೇಟಲ್ ವಾರ್ಡಿನಲ್ಲಿ ನಾನೇ ಎಷ್ಟು ಜನರಿಗೆ ದಿನಕ್ಕೆರಡು ಮಾತ್ರೆ ಕೊಟ್ಟು, ಎಷ್ಟು ಜನ ವಾಂತಿಯಾಗುತ್ತದೆ ಅಂತ ಕಿಟಕಿಯಿಂದ ಬಿಸಾಡಿದ್ದನ್ನು ನೋಡಿ ಬೈದಿದ್ದೆ.

ಈಗ ಮಂಗಳವಾರ ಬೆಳಿಗ್ಗೆ ಮನೆಯಲ್ಲಿ ಖಾಲಿ ಹೊಟ್ಟೆಗೆ ನನ್ನ ಮಾತ್ರೆ ನುಂಗಿ, ಒಂದು ಕಿತ್ತಳೆ ತಿಂದು, ಚಹಾ ಕುಡಿಯಲು ಒಂದು ಗಂಟೆ ಕಾದು, ಡ್ಯೂಟಿಗೆ ಹೋಗುತ್ತೇನೆ. ರೈತರಿಗೆ ಈಗ ಮೂರು ತಿಂಗಳಿಗೊಮ್ಮೆ ಸಾಕು. ಹೋದ ಸಲ ಬಂದಾಗ ಫೆರಿಟಿನ್ 61. ಅವರಿಗೆ ನನ್ನ 9ರ ವಿಷಯ ಹೇಳಿದೆ. ತೋಳು ಚಾಚಿಕೊಂಡೇ ಮಲಗಿ, ಹಳದಿ ಡಬ್ಬಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, "ಒಂದೂವರೆ ವರ್ಷ ನಾವಿಬ್ಬರೂ ಮಾಡಿದ್ದು ಎಂಥಾ ದಂಡದ ಕೆಲಸ ಅಲ್ವಾ" ಅಂದರು.